ಆನ್‌ಲೈನ್ ಎನ್‌ಎಲ್‌ಪಿ ಸೇರುವ ಮುಂಚೆ: ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೆ ಮಾರ್ಗದರ್ಶಿ

ಫೋನಿನಲ್ಲಿ ‘ಆತ್ಮವಿಶ್ವಾಸ ಹೆಚ್ಚಿಸಿಕೊಳ್ಳುವುದು ಹೇಗೆ’ ಎಂದು ಒಮ್ಮೆ ಹುಡುಕಿದರೆ ಸಾಕು, ಎನ್‌ಎಲ್‌ಪಿ ಜಾಹೀರಾತುಗಳು ಬೆನ್ನು ಹತ್ತುತ್ತವೆ. ಎನ್‌ಎಲ್‌ಪಿ ಅಂದರೆ ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್, ಮಾತು ಮತ್ತು ಯೋಚನೆಯ ರೀತಿ ತಿದ್ದಿ ಭಯ, ಹಿಂಜರಿಕೆ ಬಿಡಿಸುತ್ತೇವೆ ಎನ್ನುವ ತರಬೇತಿ. 99 ರೂಪಾಯಿಗೆ ವೆಬಿನಾರ್. ಏಳು ದಿನದಲ್ಲಿ ಪ್ರಾಕ್ಟಿಷನರ್ ಸರ್ಟಿಫಿಕೇಟ್. ಒಂದೇ ಸೆಷನ್ನಿನಲ್ಲಿ ಹಳೆಯ ಭಯ ಮಾಯ. ಪುಣೆಯ ಹಿಂಜೆವಾಡಿಯಲ್ಲಿ ಮೀಟಿಂಗ್ ಅಂದರೆ ಬಾಯಿ ಒಣಗುವ ಹುಡುಗ, ಹತ್ತನೇ ಕ್ಲಾಸಿನ ಮಗಳ ಪರೀಕ್ಷೆ ಭಯ ನೋಡಿ ಕಂಗಾಲಾದ ಡೊಂಬಿವಲಿಯ ತಾಯಿ, ಹೋಟೆಲ್ ಕೆಲಸ ಬಿಟ್ಟು ‘ಲೈಫ್ ಕೋಚ್’ ಆಗೋಣ ಎಂದುಕೊಂಡ ವಾಸ್ಕೋದ ಯುವಕ, ಎಲ್ಲರೂ ಒತ್ತುವುದು ಅದೇ ಲಿಂಕ್. ಆದರೆ ಅವರಿಗೆ ಬೇಕಾಗಿರುವುದು ಬೇರೆ ಬೇರೆ, ಅಲ್ವಾ?

ಕಂಪನಿಗಳಿಗೆ ತರಬೇತುದಾರರನ್ನು ಹುಡುಕಿ ಕೊಡುವುದು ನನ್ನ ಕೆಲಸ. ಹಾಗಾಗಿ ಪರಿಚಯದವರು, ಸಂಘದವರು ‘ಈ ಕೋರ್ಸ್ ಸೇರಬಹುದಾ?’ ಎಂದು ಆಗಾಗ ಕೇಳುತ್ತಾರೆ. ಎನ್‌ಎಲ್‌ಪಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯಿಂದ ಶುರು ಮಾಡಿದರೆ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ. ನಿಮಗಿರುವ ತೊಂದರೆ ಯಾವುದು, ಎದುರು ಕೂರುವ ಮನುಷ್ಯ ಎಂಥವರು ಎಂಬುದರಿಂದ ಶುರು ಮಾಡಿ. ಎನ್‌ಎಲ್‌ಪಿ ಎಂಬ ಹೆಸರು ನಿಮಗೆ ಯಾವ ಖಾತ್ರಿಯನ್ನೂ ಕೊಡುವುದಿಲ್ಲ. ಕೊಟ್ಟರೆ ಆ ಮನುಷ್ಯನೇ ಕೊಡಬೇಕು.

ಇದು ಏನು, ಎಷ್ಟು ನಂಬಬಹುದು

ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕ್ಯಾಂಪಸ್ಸಿನಲ್ಲಿ. ರಿಚರ್ಡ್ ಬ್ಯಾಂಡ್ಲರ್ ಆಗ ವಿದ್ಯಾರ್ಥಿ. ಜಾನ್ ಗ್ರೈಂಡರ್ ಭಾಷಾಶಾಸ್ತ್ರದ ಮೇಷ್ಟ್ರು. ಫ್ರಿಟ್ಜ್ ಪರ್ಲ್ಸ್, ವರ್ಜೀನಿಯಾ ಸಟೀರ್, ಮಿಲ್ಟನ್ ಎರಿಕ್ಸನ್ ಎಂಬ ಹೆಸರಾಂತ ಚಿಕಿತ್ಸಕರು ತಮ್ಮ ಹತ್ತಿರ ಬಂದವರ ಜೊತೆ ಹೇಗೆ ಮಾತಾಡುತ್ತಾರೆ, ಯಾವ ಪ್ರಶ್ನೆ ಕೇಳುತ್ತಾರೆ ಎಂದು ಇಬ್ಬರೂ ಗಮನಿಸಿದರು. ಅದರಿಂದ ಒಂದಷ್ಟು ವಿಧಾನಗಳನ್ನು ಹೆಕ್ಕಿ ಜೋಡಿಸಿದರು. ಅವರ ಮೊದಲ ಪುಸ್ತಕ ಬಂದದ್ದು 1975ರಲ್ಲಿ.

ಮುಂದೆ ಇಬ್ಬರಿಗೂ ಜಗಳವಾಯಿತು. ಎನ್‌ಎಲ್‌ಪಿ ತನ್ನದೇ ಸ್ವತ್ತು ಎಂದು ಬ್ಯಾಂಡ್ಲರ್ ಕೋರ್ಟಿಗೆ ಹೋದರು. 2000ದಲ್ಲಿ ಆ ವಾದ ಬಿದ್ದುಹೋಯಿತು. ಇದು ಹಳೆಯ ಕಥೆ ಅನ್ನಿಸಬಹುದು, ಆದರೆ ನಿಮ್ಮ ಜೇಬಿಗೂ ಇದಕ್ಕೂ ಸಂಬಂಧ ಇದೆ. ಎನ್‌ಎಲ್‌ಪಿ ಎಂಬ ಹೆಸರಿಗೆ ಒಡೆಯರಿಲ್ಲ. ಎಲ್ಲರೂ ಒಪ್ಪಿದ ಒಂದೇ ಪಠ್ಯಕ್ರಮವೂ ಇಲ್ಲ. ಯಾರು ಬೇಕಾದರೂ ಸಂಸ್ಥೆ ಶುರು ಮಾಡಬಹುದು, ಸರ್ಟಿಫಿಕೇಟ್ ಅಚ್ಚು ಹಾಕಿಸಬಹುದು. ‘ಅಂತರರಾಷ್ಟ್ರೀಯ ಮಾನ್ಯತೆ’ ಎಂದು ಬರೆದಿದ್ದರೆ, ಆ ಮಾನ್ಯತೆ ಕೊಟ್ಟದ್ದು ಸರ್ಕಾರವಲ್ಲ, ಒಂದು ಖಾಸಗಿ ಸಂಘ ಎಂದು ತಿಳಿಯಿರಿ. ನಮ್ಮ ದೇಶದಲ್ಲಿ ಎನ್‌ಎಲ್‌ಪಿ ಪ್ರಾಕ್ಟಿಷನರ್ ಅಥವಾ ಲೈಫ್ ಕೋಚ್ ಎಂದು ಬೋರ್ಡ್ ಹಾಕಲು ಯಾವ ಲೈಸೆನ್ಸೂ ಬೇಕಿಲ್ಲ.

ವಿಜ್ಞಾನದ ಲೆಕ್ಕದಲ್ಲಿ ಎನ್‌ಎಲ್‌ಪಿ ದುರ್ಬಲ. ಇದನ್ನು ಮುಚ್ಚಿಟ್ಟು ಮಾರ್ಗದರ್ಶಿ ಬರೆಯುವುದು ಸರಿಯಲ್ಲ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 1988ರ ವರದಿಯಲ್ಲೇ ಇದಕ್ಕೆ ಆಧಾರ ಕಡಿಮೆ ಎಂದಿತ್ತು. 2012ರಲ್ಲಿ ಬ್ರಿಟನ್ನಿನ ಕುಟುಂಬ ವೈದ್ಯರ ಪತ್ರಿಕೆಯೊಂದರಲ್ಲಿ ಬಂದ ವಿಮರ್ಶೆ, ಎನ್‌ಎಲ್‌ಪಿಯಿಂದ ಆರೋಗ್ಯ ಸುಧಾರಿಸುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ಕಣ್ಣು ಯಾವ ಕಡೆ ಹೊರಳುತ್ತದೆ ಎಂದು ನೋಡಿ ಸುಳ್ಳು ಹಿಡಿಯಬಹುದು ಎಂಬ ಎನ್‌ಎಲ್‌ಪಿಯವರ ಮಾತನ್ನು ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಅದೇ ವರ್ಷ ಪರೀಕ್ಷಿಸಿದರು. ಅದು ನಿಲ್ಲಲಿಲ್ಲ.

ಹಾಗಾದರೆ ಪೂರ್ತಿ ಬಿಟ್ಟುಬಿಡಬೇಕಾ? ನನಗೆ ಹಾಗೆ ಅನ್ನಿಸುವುದಿಲ್ಲ. ಎನ್‌ಎಲ್‌ಪಿಯಲ್ಲಿ ದಿನಬಳಕೆಗೆ ಬರುವ ಕೆಲವು ಅಭ್ಯಾಸಗಳಿವೆ. ಒಂದು ಉದಾಹರಣೆ ನೋಡಿ. ‘ನನಗೆ ಇಂಗ್ಲಿಷ್ ಮಾತಾಡೋಕೆ ಬರೋದೇ ಇಲ್ಲ’ ಎಂದು ನೀವು ಹೇಳುತ್ತೀರಿ. ಒಳ್ಳೆಯ ಕೋಚ್ ಧೈರ್ಯ ತುಂಬುವ ಭಾಷಣ ಬಿಗಿಯುವುದಿಲ್ಲ. ‘ಯಾರ ಎದುರು ಬರೋದಿಲ್ಲ? ಮ್ಯಾನೇಜರ್ ಎದುರು ಮಾತ್ರಾನಾ? ಫೋನಿನಲ್ಲಿ? ಈಚೆಗೆ ಒಮ್ಮೆಯಾದರೂ ಸರಾಗವಾಗಿ ಬಂದದ್ದು ಯಾವಾಗ?’ ಎಂದು ಕೇಳುತ್ತಾರೆ. ಇಂಥ ಪ್ರಶ್ನೆಗಳ ಕ್ರಮಕ್ಕೆ ಮೆಟಾ ಮಾಡೆಲ್ ಎನ್ನುತ್ತಾರೆ. ಕೇಳುತ್ತಾ ಹೋದ ಹಾಗೆ ‘ಬರೋದೇ ಇಲ್ಲ’ ಎಂಬ ದೊಡ್ಡ ಗೋಡೆ ‘ಸೋಮವಾರದ ರಿವ್ಯೂನಲ್ಲಿ, ಗ್ರಾಹಕರು ಲೈನಿನಲ್ಲಿದ್ದಾಗ ತಡವರಿಸುತ್ತೇನೆ’ ಎಂಬ ಸಣ್ಣ ತೊಂದರೆಯಾಗುತ್ತದೆ. ಸಣ್ಣ ತೊಂದರೆಗೆ ದಾರಿ ಹುಡುಕಬಹುದು. ಇದೇ ರೀತಿ, ಮನೆಯಲ್ಲಿ ಜಗಳವಾದಾಗ ಎದುರಿನವರ ಕುರ್ಚಿಯಲ್ಲಿ ಕೂತು ಅವರ ಮಾತನ್ನು ನೀವೇ ಆಡಿ ನೋಡುವ ಅಭ್ಯಾಸವೂ ಇದೆ. ಇಂಥವು ಉಪಯೋಗಕ್ಕೆ ಬರುತ್ತವೆ. ‘ಮೆದುಳನ್ನು ರೀಪ್ರೋಗ್ರಾಮ್ ಮಾಡುತ್ತೇವೆ’ ಎಂಬ ಮಾತಿಗೆ ಮಾತ್ರ ಹಣ ಕೊಡಬೇಡಿ.

ಮೊದಲ ಹೆಜ್ಜೆ: ನಿಮಗೆ ಯಾರು ಬೇಕು

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಎದೆ ಢವಢವ ಎಂದು ಲೋಕಲ್ ಹತ್ತಲೇ ಆಗುತ್ತಿಲ್ಲ, ಕುಡಿತ ಕೈಮೀರಿದೆ, ಬದುಕಿದ್ದು ಏನು ಪ್ರಯೋಜನ ಅನ್ನಿಸುತ್ತಿದೆ: ಇಂಥದ್ದು ಯಾವುದಾದರೂ ಇದ್ದರೆ ಎನ್‌ಎಲ್‌ಪಿ ಹುಡುಕುವುದನ್ನು ನಿಲ್ಲಿಸಿ. ನಿಮಗೆ ಬೇಕಾಗಿರುವುದು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್. ಮನೋವೈದ್ಯರು ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರಬೇಕು. ಆ ನಂಬರ್ ಕೇಳುವುದರಲ್ಲಿ ಸಂಕೋಚ ಬೇಡ, ಸರಿಯಾದವರು ಕೂಡಲೇ ಕೊಡುತ್ತಾರೆ.

ದೊಡ್ಡ ಫೀಸಿನ ಭಯವೂ ಬೇಡ. ಮುಂಬೈಯಲ್ಲಿ ಪರೇಲಿನ ಕೆಇಎಂ, ಮುಂಬೈ ಸೆಂಟ್ರಲ್ ಹತ್ತಿರದ ನಾಯರ್, ಸಯನ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇದೆ. ಪುಣೆಯವರಿಗೆ ಸಸೂನ್. ಗೋವಾದವರಿಗೆ ಬಾಂಬೋಳಿಯಲ್ಲಿ ಮನೋವೈದ್ಯಕೀಯದ್ದೇ ಸರ್ಕಾರಿ ಸಂಸ್ಥೆ ಇದೆ. ಊರು ಉತ್ತರ ಕರ್ನಾಟಕದ ಕಡೆಯಾದರೆ, ಹಬ್ಬಕ್ಕೆ ಹೋದಾಗ ಧಾರವಾಡದ ಡಿಮ್ಹಾನ್ಸ್‌ನಲ್ಲಿ ತೋರಿಸಬಹುದು. ಅಲ್ಲಿಯವರೆಗೂ ಕಾಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡ ಬೇಕೆಂದು ಆರಿಸಿಕೊಳ್ಳಬಹುದು. ಮಹಾರಾಷ್ಟ್ರದಲ್ಲಿ ಇರುವ ನಮ್ಮ ಹಿರಿಯರಿಗೆ ಇದು ದೊಡ್ಡ ಅನುಕೂಲ. ಎಷ್ಟೇ ವರ್ಷ ಇಲ್ಲಿದ್ದರೂ ದುಃಖ ಹೇಳಿಕೊಳ್ಳುವಾಗ ಮರಾಠಿ, ಹಿಂದಿ ಬಾಯಿಗೆ ಬರುವುದಿಲ್ಲ.

ಇನ್ನು ಆರೋಗ್ಯ ಚೆನ್ನಾಗಿದೆ, ಒಂದು ನಿರ್ದಿಷ್ಟ ವಿಷಯದಲ್ಲಿ ಹಿಂಜರಿಕೆ ಇದೆ ಎನ್ನುವವರು. ಸ್ಟೇಜ್ ಭಯ, ಇಂಟರ್‌ವ್ಯೂ, ಗಿರಾಕಿಯ ಜೊತೆ ದರ ಮಾತಾಡುವುದು, ಮುಂದೂಡುವ ಚಾಳಿ. ಇವರಿಗೆ ಕೋಚ್ ಜೊತೆ ಒಬ್ಬರೇ ಕೂತು ಮಾಡುವ ಸೆಷನ್ ಸಾಕು. ಕೋರ್ಸ್ ಬೇಡ. ಸೆಷನ್ ಕೇಳಿಕೊಂಡು ಬಂದವರಿಗೆ ಕೋರ್ಸ್ ಮಾರುವುದು ಈ ವ್ಯಾಪಾರದಲ್ಲಿ ಸಾಮಾನ್ಯ, ಅದಕ್ಕೇ ಹೇಳಿದೆ.

ಭಾಷಣದ ಭಯ ಮಾತ್ರ ಆಗಿದ್ದರೆ ಇನ್ನೂ ಅಗ್ಗದ ದಾರಿ ಇದೆ. ಮುಂಬೈ, ಪುಣೆಯಲ್ಲಿ ಭಾಷಣ ಅಭ್ಯಾಸ ಮಾಡುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳು ಬೇಕಾದಷ್ಟಿವೆ. ಕನ್ನಡದಲ್ಲೇ ಮಾತಾಡಿ ಅಭ್ಯಾಸ ಮಾಡಬೇಕಾ? ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹೀಮಿನ ಕರ್ನಾಟಕ ಸಂಘ, ಪುಣೆಯ ಕನ್ನಡ ಸಂಘ ಇವೆ. ನಿಮ್ಮ ಹತ್ತಿರದ ಸಂಘದ ಕಾರ್ಯಕ್ರಮದಲ್ಲಿ ಸ್ವಾಗತ ಮಾಡುವುದೋ, ವಂದನಾರ್ಪಣೆಯೋ ಕೇಳಿ ತೆಗೆದುಕೊಳ್ಳಿ. ಹೆದರಿಸುವ ಕೆಲಸವನ್ನೇ ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಮಾಡುವುದು ಭಯಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಪರೀಕ್ಷೆಯಾದ ಮದ್ದು.

ಮಕ್ಕಳ ವಿಷಯದಲ್ಲಿ ಮೊದಲು ಸ್ಕೂಲಿನ ಕೌನ್ಸೆಲರ್ ಹತ್ತಿರ ಹೋಗಿ. ಹದಿನೆಂಟು ತುಂಬದ ಮಕ್ಕಳನ್ನು ಯಾವುದೋ ಆನ್‌ಲೈನ್ ಕೋಚ್ ಜೊತೆ ಬಾಗಿಲು ಹಾಕಿಕೊಂಡು ಕೂರಿಸಬೇಡಿ. ಪಕ್ಕದ ಕೋಣೆಯಲ್ಲಿ ನೀವಿರಬೇಕು, ಏನು ಮಾಡಿಸಿದರು ಎಂದು ಆಮೇಲೆ ತಿಳಿಯಬೇಕು.

ಎರಡನೇ ಹೆಜ್ಜೆ: ಹಣ ಕೊಡುವ ಮುಂಚಿನ ಆ ಹದಿನೈದು ನಿಮಿಷ

ಬಹುತೇಕ ಕೋಚ್‌ಗಳು ಮೊದಲು ಒಂದು ಸಣ್ಣ ಕರೆಗೆ ಒಪ್ಪುತ್ತಾರೆ. ಅದನ್ನು ಅವರು ಮಾರಾಟಕ್ಕೆ ಬಳಸುತ್ತಾರೆ, ನೀವು ಆಯ್ಕೆಗೆ ಬಳಸಿ. ಬೋರ್ಡ್ ನೋಡಿ ಹೋಟೆಲಿನ ರುಚಿ ಗೊತ್ತಾಗುವುದಿಲ್ಲ, ವೆಬ್‌ಸೈಟ್ ನೋಡಿ ಕೋಚ್ ಗೊತ್ತಾಗುವುದಿಲ್ಲ. ಪ್ರಶ್ನೆಗಳನ್ನು ಬರೆದಿಟ್ಟುಕೊಂಡೇ ಕೂತುಕೊಳ್ಳಿ.

ನಾನು ಮೊದಲು ಕೇಳುವ ಪ್ರಶ್ನೆ: ‘ಎಂಥವರನ್ನು ನೀವು ಸೆಷನ್ನಿಗೆ ತೆಗೆದುಕೊಳ್ಳುವುದಿಲ್ಲ?’ ಈ ಒಂದು ಪ್ರಶ್ನೆ ಅರ್ಧ ಜನರನ್ನು ಸೋಸಿಬಿಡುತ್ತದೆ. ತಮ್ಮ ಮಿತಿ ಗೊತ್ತಿರುವವರು ತಡಮಾಡದೆ ಹೇಳುತ್ತಾರೆ: ಆತ್ಮಹತ್ಯೆಯ ಯೋಚನೆ ಇರುವವರು, ಇಲ್ಲದ ದನಿ ಕೇಳಿಸುವವರು, ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಅತಿ ಕುಗ್ಗುವಿಕೆಗೂ ಹೊಯ್ದಾಡುವ ಕಾಯಿಲೆ) ಇರುವವರು, ದೊಡ್ಡ ಆಘಾತದಿಂದ ಹೊರಬರದವರು ಬಂದರೆ ವೈದ್ಯರ ಹತ್ತಿರ ಕಳಿಸುತ್ತೇನೆ. ಕಳಿಸುವ ವೈದ್ಯರು ಯಾರು ಎಂದೂ ಹೇಳಬಲ್ಲರು. ‘ಎನ್‌ಎಲ್‌ಪಿಯಲ್ಲಿ ಎಲ್ಲದಕ್ಕೂ ಪರಿಹಾರ ಇದೆ’ ಎಂದವರಿಗೆ ನಮಸ್ಕಾರ ಹೇಳಿ ಕರೆ ಮುಗಿಸಿ.

ಆಮೇಲೆ ಅವರ ಓದಿನ ಬಗ್ಗೆ ಕೇಳಿ. ಎನ್‌ಎಲ್‌ಪಿ ಬಿಟ್ಟು ಬೇರೇನು ಓದಿದ್ದಾರೆ? ಮನಶ್ಶಾಸ್ತ್ರದಲ್ಲಿ ಎಂಎ, ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು, ಕೌನ್ಸೆಲಿಂಗ್ ಡಿಪ್ಲೊಮಾ ಇದ್ದರೆ ಭರವಸೆ ಜಾಸ್ತಿ. ಇಲ್ಲದಿದ್ದರೆ, ನಿಮ್ಮ ತೊಂದರೆ ಇರುವ ಕ್ಷೇತ್ರದಲ್ಲಿ ಅವರು ದುಡಿದಿದ್ದಾರಾ ನೋಡಿ. ಹತ್ತು ವರ್ಷ ಸೇಲ್ಸ್‌ನಲ್ಲಿದ್ದವರು ಸೇಲ್ಸ್ ಹಿಂಜರಿಕೆಯ ಬಗ್ಗೆ ಮಾತಾಡಿದರೆ ತೂಕ ಇರುತ್ತದೆ. ಅದೇ ಮನುಷ್ಯ ಗಂಡ ಹೆಂಡತಿ ಜಗಳ ಬಿಡಿಸಲು ಹೊರಟರೆ ತೂಕ ಇರುವುದಿಲ್ಲ. ಕಷ್ಟದ ಕೇಸ್ ಬಂದಾಗ ಯಾರನ್ನು ಕೇಳುತ್ತಾರೆ, ಅವರ ಕೆಲಸವನ್ನು ನೋಡುವ ಹಿರಿಯರು ಯಾರಾದರೂ ಇದ್ದಾರಾ ಎಂದು ವಿಚಾರಿಸಿ. ಸೂಪರ್‌ವಿಷನ್ ಎಂಬ ಮಾತು ಅವರಿಗೆ ಪರಿಚಯವೇ ಇಲ್ಲ ಅನ್ನಿಸಿದರೆ ಮುಂದಿನ ಹೆಸರು ನೋಡಿ.

‘ನನ್ನ ತೊಂದರೆಗೆ ಏನು ಮಾಡಿಸುತ್ತೀರಿ? ಎಷ್ಟು ಸೆಷನ್ ಆದ ಮೇಲೆ ಫಲ ನೋಡೋಣ?’ ಎಂದೂ ಕೇಳಬೇಕು. ಉತ್ತರ ಸರಳ ಮಾತಿನಲ್ಲಿ ಬರಬೇಕು. ಮೂರೋ ನಾಲ್ಕೋ ಸೆಷನ್ ನೋಡೋಣ, ಬದಲಾವಣೆ ಕಾಣದಿದ್ದರೆ ನಿಲ್ಲಿಸೋಣ ಎಂದರೆ ಒಳ್ಳೆಯ ಲಕ್ಷಣ. ಹನ್ನೆರಡು ಸೆಷನ್ನಿನ ಪ್ಯಾಕೇಜ್ ಮುಂಗಡ ಕಟ್ಟಿ ಎಂದರೆ, ‘ಒಂದು ಸೆಷನ್ನಿಗೆ ಮಾತ್ರ ಕೊಡುತ್ತೇನೆ’ ಎನ್ನಿ. ಒಂದು ಸೆಷನ್ ಕೊಡಲು ಒಪ್ಪದವರ ಹತ್ತಿರ ಹನ್ನೆರಡು ತೆಗೆದುಕೊಳ್ಳುವುದು ಬೇಡ.

ಈ ಮಾತುಗಳಲ್ಲಿ ಯಾವುದು ಕೇಳಿಬಂದರೂ ಎಚ್ಚರವಾಗಿ: ಡಾಕ್ಟರ್ ಮಾತ್ರೆ ನಿಲ್ಲಿಸಿ, ಮನೆಯವರಿಗೆ ಹೇಳಬೇಡಿ, ನೂರಕ್ಕೆ ನೂರು ಗ್ಯಾರಂಟಿ, ಫಲ ಬರದಿದ್ದರೆ ನಿಮ್ಮ ನಂಬಿಕೆ ಸಾಲದು. ಮೊದಲನೆಯದು ಪ್ರಾಣಕ್ಕೆ ಅಪಾಯ. ಮನೋರೋಗದ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಬಾರದು. ಅದನ್ನು ಕಡಿಮೆ ಮಾಡುವುದೂ ಬಿಡಿಸುವುದೂ ಬರೆದುಕೊಟ್ಟ ಡಾಕ್ಟರ ಕೆಲಸ.

ಭಾಷೆಯ ವಿಷಯವನ್ನೂ ಆ ಕರೆಯಲ್ಲೇ ತೀರ್ಮಾನಿಸಿ. ಇಲ್ಲಿನ ಹೆಚ್ಚಿನ ತರಬೇತಿಗಳು ಇಂಗ್ಲಿಷ್, ಹಿಂದಿ, ಮರಾಠಿಯಲ್ಲಿ ನಡೆಯುತ್ತವೆ. ಆಫೀಸಿನ ವಿಷಯಕ್ಕೆ ಅದು ಸಾಕು. ಆದರೆ ಅಪ್ಪ ಬೈದದ್ದು, ಊರಿನ ಸ್ಕೂಲಿನಲ್ಲಿ ನಕ್ಕದ್ದು ಇವೆಲ್ಲ ನಮಗೆ ನೆನಪಾಗುವುದು ತುಳುವಿನಲ್ಲೋ ಧಾರವಾಡದ ಕನ್ನಡದಲ್ಲೋ. ಎನ್‌ಎಲ್‌ಪಿಯಂಥ, ಮಾತಿನ ಮೇಲೇ ನಿಂತ ವಿಧಾನದಲ್ಲಿ ಇದು ಸಣ್ಣ ಸಂಗತಿ ಅಲ್ಲ. ಆನ್‌ಲೈನ್ ಆದ್ದರಿಂದ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಕೋಚ್‌ಗಳೂ ನಿಮಗೆ ಸಿಗುತ್ತಾರೆ. ಕನ್ನಡ ಬಾರದ ಕೋಚ್ ಆದರೂ ‘ಆ ಮಾತನ್ನು ನಿಮ್ಮ ಭಾಷೆಯಲ್ಲೇ ಹೇಳಿ, ಆಮೇಲೆ ನನಗೆ ವಿವರಿಸಿ’ ಎನ್ನುವಷ್ಟು ತಾಳ್ಮೆ ಇದ್ದರೆ ನಡೆಯುತ್ತದೆ.

ಮೂರನೇ ಹೆಜ್ಜೆ: ಮನೆಯಲ್ಲೊಂದು ಮೂಲೆ

ಮುಂಬೈಯಲ್ಲಿ ಇದೇ ದೊಡ್ಡ ಸವಾಲು. ಒಂದು ರೂಮು ಅಡಿಗೆಮನೆಯಲ್ಲಿ ಐದು ಜನ. ಅತ್ತೆ ಸೀರಿಯಲ್ ನೋಡುತ್ತಿರುವಾಗ ಅತ್ತೆಯ ಬಗ್ಗೆಯೇ ಮಾತಾಡುವುದು ಹೇಗೆ? ಸೆಷನ್ ಬುಕ್ ಮಾಡುವ ಮುಂಚೆ ಒಂದು ಗಂಟೆ ಯಾರೂ ಬಾರದ ಜಾಗ ಹುಡುಕಿಕೊಳ್ಳಿ. ಮಧ್ಯಾಹ್ನ ಮಕ್ಕಳು ಸ್ಕೂಲಿಗೆ ಹೋದ ಹೊತ್ತು, ಗೆಳತಿಯ ಮನೆ, ಆಫೀಸಿನ ಖಾಲಿ ಮೀಟಿಂಗ್ ರೂಮು. ನಿಲ್ಲಿಸಿದ ಕಾರಿನಲ್ಲಿ ಕೂತು ಮಾತಾಡುವವರೂ ಇದ್ದಾರೆ. ಅದು ಪರವಾಗಿಲ್ಲ, ಗಾಳಿ ಆಡುವ ಹಾಗೆ ಕಿಟಕಿ ಸ್ವಲ್ಪ ತೆಗೆದಿಡಿ. ಲೋಕಲ್ ಟ್ರೇನಿನಲ್ಲಿ, ಬಸ್ಸಿನಲ್ಲಿ ಬೇಡವೇ ಬೇಡ. ಕಣ್ಣು ಮುಚ್ಚಿ ಹಳೆಯದನ್ನು ನೆನಪಿಸಿಕೊಳ್ಳುವ ಅಭ್ಯಾಸಗಳು ಇದರಲ್ಲಿ ಬರುತ್ತವೆ. ಗಾಡಿ ಓಡಿಸುತ್ತಾ ಅಂಥ ಆಡಿಯೋ ಕೇಳುವುದೂ ಅಪಾಯ.

ಇಯರ್‌ಫೋನ್ ಹಾಕಿಕೊಂಡರೆ ಅವರ ಮಾತು ಹೊರಗೆ ಕೇಳಿಸುವುದಿಲ್ಲ. ನಿಮ್ಮ ಮಾತು ಕೇಳಿಸುತ್ತದೆ. ಅದಕ್ಕೆ ಬಾಗಿಲ ಹತ್ತಿರ ಫ್ಯಾನೋ ರೇಡಿಯೋವೋ ಹಾಕಿಡಿ. ಮಳೆಗಾಲದಲ್ಲಿ ನೆಟ್ ಹೋಗುವುದು ಇದ್ದದ್ದೇ. ನಡುವೆ ಕಡಿದುಹೋದರೆ ಯಾರು ಯಾರಿಗೆ ಫೋನ್ ಮಾಡಬೇಕು, ಉಳಿದ ಹೊತ್ತಿನ ಫೀಸ್ ಏನು ಎಂಬುದು ಮೊದಲೇ ಗೊತ್ತಿರಲಿ. ಮನಸ್ಸು ಕಲಕುವ ವಿಷಯದ ನಡುವೆ ಲೈನ್ ಹೋಗಿ, ನೀವು ಒಬ್ಬರೇ ಅಳುತ್ತಾ ಕೂರುವ ಹಾಗೆ ಆಗಬಾರದು.

ರೆಕಾರ್ಡಿಂಗ್ ಬಗ್ಗೆ ಖಡಾಖಂಡಿತವಾಗಿ ಮಾತಾಡಿ. ಒಬ್ಬರೇ ಕೂರುವ ಸೆಷನ್ ರೆಕಾರ್ಡ್ ಆಗಬಾರದು. ಆಗುವುದಾದರೆ ನಿಮ್ಮ ಒಪ್ಪಿಗೆ ಬರಹದಲ್ಲಿ ಇರಬೇಕು, ಎಲ್ಲಿ ಇಡುತ್ತಾರೆ, ಯಾವಾಗ ಅಳಿಸುತ್ತಾರೆ ಎಂದು ತಿಳಿದಿರಬೇಕು. ಗುಂಪು ತರಬೇತಿಯಲ್ಲಿ ಸಾಮಾನ್ಯವಾಗಿ ರೆಕಾರ್ಡ್ ಮಾಡಿಯೇ ಮಾಡುತ್ತಾರೆ. ಹಾಗಾಗಿ ಗುಂಪಿನ ಡೆಮೊಗೆ ‘ಯಾರು ಬರುತ್ತೀರಿ?’ ಎಂದಾಗ ಮನೆಯ ಗುಟ್ಟನ್ನು ಬಿಚ್ಚಬೇಡಿ, ಸಣ್ಣ ವಿಷಯ ಹೇಳಿ. ನಿಮ್ಮ ಕಣ್ಣೀರು ನಾಳೆ ಯಾರದೋ ಜಾಹೀರಾತು ಆಗುವುದು ಬೇಡ.

ಮೊದಲ ಸೆಷನ್ನಿಗೆ ಮುಂಚೆ ಒಂದು ಚೀಟಿ ಬರೆದಿಡಿ. ಅಳೆಯಲು ಆಗುವಂಥದ್ದನ್ನು ಬರೆಯಿರಿ. ‘ಆತ್ಮವಿಶ್ವಾಸ ಬರಬೇಕು’ ಎಂದಲ್ಲ. ‘ವಾರದ ಮೀಟಿಂಗ್‌ನಲ್ಲಿ ನಾನಾಗೇ ಎಷ್ಟು ಸಲ ಮಾತಾಡಿದೆ, ಆಗ ಎದೆಬಡಿತ ಹತ್ತರಲ್ಲಿ ಎಷ್ಟು.’ ಸೆಷನ್ ಆದ ಕೂಡಲೇ ಮನಸ್ಸು ಹಗುರವಾಗುತ್ತದೆ. ಒಳ್ಳೆಯ ಕಿವಿ ಸಿಕ್ಕರೆ ಯಾರಿಗಾದರೂ ಹಾಗಾಗುತ್ತದೆ. ಫಲ ಇದೆಯೋ ಇಲ್ಲವೋ ಎಂದು ಹೇಳುವುದು ಎರಡು ವಾರದ ನಂತರದ ಮೀಟಿಂಗ್. ಮೂರು ನಾಲ್ಕು ಸೆಷನ್ ಆದರೂ ಚೀಟಿಯ ಲೆಕ್ಕ ಬದಲಾಗದಿದ್ದರೆ ನಿಲ್ಲಿಸಿ.

ತರಬೇತಿ ಸೇರುವವರಿಗೆ

ಕೋಚ್ ಆಗಬೇಕು, ಎಚ್‌ಆರ್ ಕೆಲಸಕ್ಕೆ ಉಪಯೋಗ, ಟೀಚರ್ ಆಗಿ ಮಕ್ಕಳ ಜೊತೆ ಚೆನ್ನಾಗಿ ಮಾತಾಡಬೇಕು: ಕಾರಣ ಏನೇ ಇರಲಿ, ಮೊದಲು ಗಂಟೆ ಲೆಕ್ಕ ಹಾಕಿ. ಎನ್‌ಎಲ್‌ಪಿಯಲ್ಲಿ ಪ್ರಾಕ್ಟಿಷನರ್, ಮಾಸ್ಟರ್ ಪ್ರಾಕ್ಟಿಷನರ್, ಟ್ರೇನರ್ ಎಂಬ ಮೆಟ್ಟಿಲುಗಳಿವೆ. ಕೆಲವು ಹಳೆಯ ಅಂತರರಾಷ್ಟ್ರೀಯ ಸಂಘಗಳು ಪ್ರಾಕ್ಟಿಷನರ್ ಮಟ್ಟಕ್ಕೇ 120ರಿಂದ 130 ಗಂಟೆಯ ತರಬೇತಿ ಕೇಳುತ್ತವೆ. ವೀಕೆಂಡಿನಲ್ಲಿ ಮುಗಿಯುವ ಕೋರ್ಸಿನಲ್ಲಿ ಅಷ್ಟು ಗಂಟೆ ಬರುವುದೇ ಇಲ್ಲ, ಲೆಕ್ಕ ಹಾಕಿದರೆ ನಿಮಗೇ ತಿಳಿಯುತ್ತದೆ. ‘ನೂರಿಪ್ಪತ್ತು ಗಂಟೆ’ ಎಂದು ಬರೆದಿದ್ದರೂ ಅದರಲ್ಲಿ ಲೈವ್ ಎಷ್ಟು, ಮೊದಲೇ ಮಾಡಿಟ್ಟ ವಿಡಿಯೋ ಎಷ್ಟು, ನೀವೇ ಜೋಡಿಯಾಗಿ ಅಭ್ಯಾಸ ಮಾಡುವುದು ಎಷ್ಟು ಎಂದು ಬಿಡಿಸಿ ಕೇಳಿ.

ಒಂದು ಉದಾಹರಣೆ. ಫೀಸ್ 45,000 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 53,100. ಏಳು ದಿನ, ದಿನಕ್ಕೆ ಆರು ಗಂಟೆ ಲೈವ್ ಎಂದರೆ 42 ಗಂಟೆ. ಗಂಟೆಗೆ ಸುಮಾರು 1,264 ರೂಪಾಯಿ. ಆ ಬ್ಯಾಚ್‌ನಲ್ಲಿ ಇನ್ನೂರು ಜನ ಇದ್ದರೆ ನಿಮ್ಮ ಅಭ್ಯಾಸವನ್ನು ಯಾರು ನೋಡಿ ತಿದ್ದುತ್ತಾರೆ? ಇಪ್ಪತ್ತು ಜನರ ಬ್ಯಾಚ್, ಸಣ್ಣ ಗುಂಪಿನ ರೂಮುಗಳಲ್ಲಿ ನೋಡಿ ತಿದ್ದುವ ಸಹಾಯಕರು, ಎರಡು ಮೂರು ತಿಂಗಳಿಗೆ ಹರಡಿದ ತರಗತಿ ಇದ್ದರೆ ಫೀಸ್ ಸ್ವಲ್ಪ ಹೆಚ್ಚಾದರೂ ಅದೇ ವಾಸಿ. ಒಂದು ವಾರ ಕಲಿತು, ಮನೆಯಲ್ಲೋ ಆಫೀಸಿನಲ್ಲೋ ಮಾಡಿ ನೋಡಿ, ಎಡವಿದ್ದನ್ನು ಮುಂದಿನ ವಾರ ಕೇಳಲು ಅವಕಾಶ ಬೇಕು. ಮಾತಿನ ವಿದ್ಯೆ ಹಾಗೆಯೇ ಕೈಗೆ ಹತ್ತುವುದು.

ಪರೀಕ್ಷೆ ಹೇಗೆ ಮಾಡುತ್ತಾರೆ ಎಂಬುದನ್ನೂ ನೋಡಿ. ಹಣ ಕಟ್ಟಿದವರೆಲ್ಲ ಪಾಸ್ ಆಗುವ ಕೋರ್ಸಿನ ಸರ್ಟಿಫಿಕೇಟಿಗೆ ಬೆಲೆ ಇಲ್ಲ. ನೀವು ಒಬ್ಬರ ಜೊತೆ ಸೆಷನ್ ಮಾಡುವುದನ್ನು ಗುರುಗಳು ಕೂತು ನೋಡುತ್ತಾರಾ? ಸರಿಯಾಗದಿದ್ದರೆ ಮತ್ತೊಮ್ಮೆ ಮಾಡಿಸುತ್ತಾರಾ?

ಕೋಚಿಂಗನ್ನೇ ಹೊಟ್ಟೆಪಾಡು ಮಾಡಿಕೊಳ್ಳುವ ಯೋಚನೆ ಇದ್ದರೆ ಎನ್‌ಎಲ್‌ಪಿ ಒಂದನ್ನೇ ನಂಬಬೇಡಿ. ಕಂಪನಿಗಳು ಕೋಚ್‌ಗಳನ್ನು ಕರೆಯುವಾಗ ಹೆಚ್ಚಾಗಿ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ನಿನ ಅರ್ಹತೆ ಕೇಳುತ್ತವೆ. ಅದೂ ಖಾಸಗಿ ಸಂಘವೇ, ಆದರೆ ಅದರ ಮೊದಲ ಹಂತವಾದ ಎಸಿಸಿಗೆ ಕನಿಷ್ಠ 60 ಗಂಟೆ ಓದು ಮತ್ತು 100 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು. ಮುಂದಿನ ಹಂತವಾದ ಪಿಸಿಸಿಗೆ 500 ಗಂಟೆ ಅನುಭವ. ಈ ಅಂಕಿಗಳನ್ನು ‘ಏಳು ದಿನದಲ್ಲಿ ಕೋಚ್ ಆಗಿ’ ಎಂಬ ಜಾಹೀರಾತಿನ ಪಕ್ಕ ಇಟ್ಟು ನೋಡಿ. ಜನರ ದುಃಖ ಕೇಳುವ ಕೆಲಸವೇ ನಿಮ್ಮ ಆಸೆಯಾದರೆ ಸರಿಯಾಗಿ ಮನಶ್ಶಾಸ್ತ್ರವೋ ಸಮಾಜಕಾರ್ಯವೋ ಓದಿ. ವರ್ಷಗಳು ಹಿಡಿಯುತ್ತವೆ, ನಿಜ. ಎದುರು ಕೂತವರ ಬದುಕು ಅಷ್ಟು ಬೆಲೆಯದ್ದು. ಎನ್‌ಎಲ್‌ಪಿ ಸರ್ಟಿಫಿಕೇಟ್ ಇಟ್ಟುಕೊಂಡು ಸೈಕಾಲಜಿಸ್ಟ್ ಎಂದು ಬರೆದುಕೊಳ್ಳಬೇಡಿ.

ಡೆಮೊ ಕ್ಲಾಸಿನಲ್ಲಿ ಗುರುಗಳನ್ನು ಅಳೆಯಲು ಒಂದು ಸುಲಭ ದಾರಿ ಇದೆ. ಮಾತುಕತೆಯಲ್ಲಿ ಪದಗಳ ಪಾಲು ಏಳೇ ಪರ್ಸೆಂಟ್, ದನಿಯದು 38, ದೇಹಭಾಷೆಯದು 55 ಎಂದು ಅವರು ಹೇಳುತ್ತಾರಾ ನೋಡಿ. ಈ ಅಂಕಿಗಳು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಅವರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದವು. ಒಂದೊಂದೇ ಪದ ಹೇಳುವಾಗ ಮಾತಾಡುವವರ ಇಷ್ಟಾನಿಷ್ಟ ಹೇಗೆ ತಿಳಿಯುತ್ತದೆ ಎಂದಷ್ಟೇ ಅಲ್ಲಿ ನೋಡಿದ್ದು. ಎಲ್ಲ ಮಾತುಕತೆಗೂ ಇದು ಸಲ್ಲುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಏಳು ಪರ್ಸೆಂಟ್ ನಿಜವಾಗಿದ್ದರೆ ಕನ್ನಡ ಬಾರದವರೂ ನಮ್ಮ ಯಕ್ಷಗಾನದ ಅರ್ಥಗಾರಿಕೆಯನ್ನು ಪೂರ್ತಿ ಸವಿಯಬೇಕಿತ್ತು. ಮೂಲ ನೋಡದೆ ಅಂಕಿ ಹೇಳುವವರು, ಪ್ರಶ್ನೆ ಕೇಳಿದರೆ ಸಿಡುಕುವವರು ನಿಮ್ಮ ಗುರುಗಳಾಗುವುದು ಬೇಡ. ‘ಎನ್‌ಎಲ್‌ಪಿಗೆ ವಿಜ್ಞಾನದ ಆಧಾರ ಎಷ್ಟು?’ ಎಂದು ನೇರವಾಗಿ ಕೇಳಿ. ಕಡಿಮೆ ಎಂದು ಒಪ್ಪಿ, ಆದರೂ ತಾವು ಯಾಕೆ ಕಲಿಸುತ್ತೇವೆ ಎಂದು ಹೇಳಬಲ್ಲವರು ಸಿಕ್ಕರೆ ಅವರ ಹತ್ತಿರ ಕಲಿಯಬಹುದು.

99 ರೂಪಾಯಿಯ ವೆಬಿನಾರ್

ನೋಡಬೇಡಿ ಎನ್ನುವುದಿಲ್ಲ. ಆದರೆ ಅಲ್ಲಿ ಕಲಿಸುವುದಕ್ಕಿಂತ ಮುಂದಿನ ಕೋರ್ಸ್ ಮಾರುವುದೇ ಜಾಸ್ತಿ. ಕೊನೆಗೆ ‘ಇವತ್ತು ರಾತ್ರಿಯವರೆಗೆ ಮಾತ್ರ ಈ ಬೆಲೆ’ ಎಂದು ಗಡಿಯಾರ ಓಡಿಸುತ್ತಾರೆ, ಚಾಟಿನಲ್ಲಿ ‘ನಾನು ಸೇರಿದೆ’ ಎಂಬ ಸಂದೇಶಗಳು ಸುರಿಯುತ್ತವೆ. ಆ ರಾತ್ರಿ ಹಣ ಕಟ್ಟುವುದಿಲ್ಲ ಎಂದು ಮೊದಲೇ ಮನೆಯವರಿಗೆ ಹೇಳಿಡಿ. ಒಳ್ಳೆಯ ಕೋರ್ಸ್ ಮುಂದಿನ ವಾರವೂ ಇರುತ್ತದೆ.

ಕಂತಿನ ಆಮಿಷಕ್ಕೆ ವಿಶೇಷ ಎಚ್ಚರ ಬೇಕು. ‘ಇಎಂಐ ಇದೆ’ ಎಂದರೆ ಎಷ್ಟೋ ಸಲ ನಿಮ್ಮ ಹೆಸರಿನಲ್ಲಿ ಫೈನಾನ್ಸ್ ಕಂಪನಿಯ ಸಾಲ ಎಂದರ್ಥ. ಕ್ಲಾಸ್ ಚೆನ್ನಾಗಿಲ್ಲ ಎಂದು ನೀವು ಬಿಟ್ಟರೂ ಸಾಲ ಬಿಡುವುದಿಲ್ಲ, ಕಂತು ತಪ್ಪಿದರೆ ಸಿಬಿಲ್ ಕೆಡುತ್ತದೆ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮಗಳ ಪ್ರಕಾರ, ಸಾಲದ ಪೂರ್ತಿ ಖರ್ಚನ್ನು ತೋರಿಸುವ ಪತ್ರವನ್ನು ಮೊದಲೇ ಕೊಡಬೇಕು. ಸಾಲ ಪಡೆದ ಮೇಲೂ, ದಂಡವಿಲ್ಲದೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು ಹೊರಬರಲು ಸ್ವಲ್ಪ ಅವಧಿ ಇರಬೇಕು. ಆ ಅವಧಿ ಎಷ್ಟು ದಿನ ಎಂದು ಪತ್ರದಲ್ಲಿ ಹುಡುಕಿ. ವೆಬಿನಾರಿನ ನಡುವೆ ಪ್ಯಾನ್, ಆಧಾರ್, ಒಟಿಪಿ ಕೇಳಿದರೆ ಕೊಡಬೇಡಿ.

ರಸೀದಿ, ಮರುಪಾವತಿ, ದೂರು

ಹಣ ಕಟ್ಟುವ ಮುಂಚೆ ಮರುಪಾವತಿಯ ನಿಯಮ ಇಮೇಲಿನಲ್ಲೋ ವಾಟ್ಸಾಪಿನಲ್ಲೋ ಬರಹದಲ್ಲಿ ತರಿಸಿಕೊಳ್ಳಿ. ಎಷ್ಟು ದಿನದೊಳಗೆ, ಎಷ್ಟು ಕಡಿತ, ಬ್ಯಾಚ್ ರದ್ದಾದರೆ ಏನು, ಜಾಹೀರಾತಿನಲ್ಲಿ ತೋರಿಸಿದ ಗುರುಗಳೇ ಬರುತ್ತಾರಾ ಅಥವಾ ಅವರ ಶಿಷ್ಯರಾ. ಸ್ವಂತ ನಂಬರಿಗೆ ಯುಪಿಐ ಮಾಡಿ ಎಂದರೆ ರಸೀದಿ ಕೇಳಿ. ಸಣ್ಣ ಮಟ್ಟದಲ್ಲಿ ಸೆಷನ್ ಮಾಡುವ ಕೋಚ್‌ಗೆ ಜಿಎಸ್‌ಟಿ ನೋಂದಣಿ ಇಲ್ಲದಿರಬಹುದು, ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿಗೆ ಅದು ಕಡ್ಡಾಯವಲ್ಲ. ಆದರೆ ಜಿಎಸ್‌ಟಿ ಸೇರಿಸಿ ವಸೂಲಿ ಮಾಡಿದರೆ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇರಲೇಬೇಕು. ಆ ನಂಬರ್ ನಿಜವೋ ಎಂದು ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿ ನೋಡಬಹುದು.

ಮೋಸ ಹೋದೆ ಅನ್ನಿಸಿದರೆ ಮೊದಲು ಸಂಸ್ಥೆಗೆ ಬರಹದಲ್ಲಿ ದೂರು ಕೊಟ್ಟು, ಉತ್ತರಕ್ಕೆ ದಿನಾಂಕ ಹಾಕಿ. ಜಾಹೀರಾತಿನ ಸ್ಕ್ರೀನ್‌ಶಾಟ್, ಚಾಟ್, ರಸೀದಿ ಎಲ್ಲ ಒಂದು ಫೋಲ್ಡರಿನಲ್ಲಿ ಇಡಿ. ಗ್ರೂಪಿನಿಂದ ನಿಮ್ಮನ್ನು ತೆಗೆದುಹಾಕುವ ಮುಂಚೆಯೇ ಚಾಟ್ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಸಂಸ್ಥೆ ದೆಹಲಿಯದ್ದಾದರೂ ಥಾಣೆಯವರು ಥಾಣೆಯಲ್ಲಿ, ಪುಣೆಯವರು ಪುಣೆಯಲ್ಲಿ, ವಾಸ್ಕೋದವರು ದಕ್ಷಿಣ ಗೋವಾದಲ್ಲಿ. ಕಟ್ಟಿದ ಹಣ 5 ಲಕ್ಷದೊಳಗೆ ಇದ್ದರೆ ಆಯೋಗಕ್ಕೆ ಫೀಸ್ ಇಲ್ಲ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು, ವಕೀಲರು ಇರಲೇಬೇಕೆಂದಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಲಿಂಕ್ ಒತ್ತಿ ಖಾತೆಯಿಂದಲೇ ಹಣ ಹೋಗಿದ್ದರೆ ಅದು ಗ್ರಾಹಕ ದೂರಲ್ಲ, ಸೈಬರ್ ಅಪರಾಧ. ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.